ಸರಕಿಗೊಂದು ಹೆಸರು

ಯಲಬುರ್ಗಾದ ಕಡೆಯ ರೈತನೊಬ್ಬನು ಮೋಟಾರ್ ಸೈಕಲ್ ಕೊಳ್ಳಲು ಕೊಪ್ಪಳದ ಪೇಟೆಗೆ ಬಂದನೆನ್ನಿ. ಬೆಲೆಯ ಮಾತು ಹೇಗೂ ಬರುತ್ತದೆ. ಅದಕ್ಕಿಂತ ಮುಂಚೆ ಅವನ ಮನಸ್ಸಿನಲ್ಲಿ ಮೂರು ಪ್ರಶ್ನೆಗಳೇಳುತ್ತವೆ. ದಾರಿಯಲ್ಲಿ ಕೆಟ್ಟು ನಿಂತರೆ ಕುಷ್ಟಗಿಯ ಮೇಸ್ತ್ರಿಗೆ ಅದರ ರಿಪೇರಿ ತಿಳಿದೀತೆ? ಬಿಡಿಭಾಗಗಳು ಗಂಗಾವತಿಯಲ್ಲಿ ಸಿಕ್ಕಾವೆ? ಐದು ವರ್ಷ ಓಡಿಸಿ ಮಾರಿದರೆ ಎಷ್ಟು ಹಣ ಬಂದೀತು? ಈ ಮೂರಕ್ಕೂ ಒಂದೇ ಮಾತಿನಲ್ಲಿ ಉತ್ತರ ಕೊಡುವ ಹೆಸರಿಗೆ ವ್ಯಾಪಾರಿಗಳು ‘ಬ್ರ್ಯಾಂಡ್’ ಎನ್ನುತ್ತಾರೆ. ಯಂತ್ರವನ್ನು ಒಂದು ವರ್ಷದಲ್ಲಿ ತಯಾರಿಸಬಹುದು. ನಂಬಿಕೆಯನ್ನು ಹಾಗೆ ತಯಾರಿಸಲಾಗದು.

ಚೀನಾ ದೇಶದ ಮೋಟಾರ್ ಸೈಕಲ್ ಕಂಪನಿಗಳು ಈ ಪಾಠವನ್ನು ನಷ್ಟ ತೆತ್ತು ಕಲಿತವು. 2000ದ ಸುಮಾರಿಗೆ ಅವುಗಳ ವಾಹನಗಳು ವಿಯೆಟ್ನಾಮಿನ ಪೇಟೆಗೆ ಹೊಳೆಯಂತೆ ಹರಿದವು. ಮೋಟಾರ್ ಸೈಕಲ್ಲಿಗೇ ‘ಹೋಂಡಾ’ ಎಂದು ಕರೆಯುವ ಜನರ ನಾಡು ಅದು. ಜಪಾನಿನ ವಾಹನದ ಅರ್ಧ ಬೆಲೆಗಿಂತಲೂ ಅಗ್ಗವಾದುದನ್ನು ಜನ ಮುಗಿಬಿದ್ದು ಕೊಂಡರು. ಆದರೆ ಚೀನಾದ ಕಂಪನಿಗಳು ತಮ್ಮತಮ್ಮಲ್ಲೇ ಪೈಪೋಟಿಗಿಳಿದು ಬೆಲೆಯನ್ನು ಇಳಿಸುತ್ತ ಹೋದವು. ಬೆಲೆಯೊಡನೆ ಗುಣವೂ ಇಳಿಯಿತು. ಮಾರಿದ ಮೇಲೆ ರಿಪೇರಿಗೆ ದಿಕ್ಕಿಲ್ಲದಂತಾಯಿತು. 2002ರಲ್ಲಿ ಹೋಂಡಾ ಕಂಪನಿಯು ‘ವೇವ್ ಆಲ್ಫಾ’ ಎಂಬ ಅಗ್ಗದ ಮಾದರಿಯನ್ನು ಹೊರತಂದೊಡನೆ ಗಿರಾಕಿಗಳು ಹಳೆಯ ಹೆಸರಿಗೇ ಮರಳಿದರು.

ಆಮೇಲೆ ಅವರಿಗೆ ಎರಡು ದಾರಿಗಳು ಕಂಡವು. ಒಂದು, ಪರರ ಹೆಸರಿಗಾಗಿ ದುಡಿಯುವುದು: ಚೊಂಗ್‌ಚಿಂಗ್ ನಗರದ ಲೊನ್ಸಿನ್ ಕಂಪನಿಯು ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಗೆ ಎಂಜಿನ್‌ಗಳನ್ನು ಮಾಡಿಕೊಟ್ಟಿತು. ಇನ್ನೊಂದು, ಹೆಸರನ್ನೇ ಕೊಳ್ಳುವುದು: 1911ರಲ್ಲಿ ಹುಟ್ಟಿದ ಇಟಲಿಯ ಬೆನೆಲ್ಲಿ ಕಂಪನಿಯನ್ನು ಚಿಯಾನ್‌ಜಿಯಾಂಗ್ ಸಂಸ್ಥೆಯು 2005ರಲ್ಲಿ ಕೊಂಡಿತು. ಕೈಯಲ್ಲಿ ಕಸುಬಿದ್ದವನೂ ಹೆಸರಿಗಾಗಿ ಪರರ ಬಾಗಿಲಿಗೆ ಹೋಗಬೇಕಾಯಿತು.

ಇದು ದೂರದೇಶದ ಕಥೆಯೆಂದು ಕೊಪ್ಪಳದವರು ಸುಮ್ಮನಿರುವಂತಿಲ್ಲ. ಪಟ್ಟಣದ ಸಮೀಪದಲ್ಲೇ ಕಿನ್ನಾಳವಿದೆ. ಅಲ್ಲಿನ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟು, ಮರದ ಹೊಟ್ಟು, ಗೋಣಿನಾರಿನ ಪುಡಿ ಸೇರಿಸಿದ ‘ಕಿಟ್ಟ’ದಿಂದ ಅಂಗಾಂಗಗಳನ್ನು ತಿದ್ದಿ, ಬಣ್ಣ ತುಂಬಿ ದೇವದೇವತೆಗಳನ್ನೂ ಗೊಂಬೆಗಳನ್ನೂ ಮಾಡುತ್ತ ಬಂದಿದ್ದಾರೆ. ಕಿನ್ನಾಳದ ಹೆಸರನ್ನು ಬೇರೆಯವರು ಕದಿಯದಂತೆ ಭೌಗೋಳಿಕ ಸೂಚಿಕೆಯ ನೋಂದಣಿಯೂ ಆಗಿದೆ. ಆದರೆ ಕಾನೂನು ಹೆಸರನ್ನು ಕಾಯಬಲ್ಲುದು; ಮನೆಮನೆಗೆ ಮುಟ್ಟಿಸಲಾರದು. ಚನ್ನಪಟ್ಟಣದ ಗೊಂಬೆಯನ್ನು ಕಾಣದ ಕನ್ನಡ ಮಗುವಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯೇ ಆ ಊರಿಗೆ ಗಿರಾಕಿಗಳನ್ನು ಕರೆತಂದಿತು. ಕಿನ್ನಾಳಕ್ಕೆ ಅಂಥ ಹೆದ್ದಾರಿಯ ಭಾಗ್ಯವಿಲ್ಲ.

ಇತ್ತ ಯಲಬುರ್ಗಾದ ನೆರೆಯ ಕುಕನೂರು ತಾಲ್ಲೂಕಿನ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಏಕಸ್ ಕಂಪನಿಯ ಈ ನೆಲೆಯ ವ್ಯಾಪಾರ ಹೆಚ್ಚಾಗಿ ಹೊರದೇಶದ ಹೆಸರಾಂತ ಕಂಪನಿಗಳಿಗೆ ಆಟಿಕೆ ಮಾಡಿಕೊಡುವುದು. ಸುತ್ತಿನ ಹಳ್ಳಿಗಳ ತರುಣ ತರುಣಿಯರಿಗೆ ಊರ ಬಳಿಯಲ್ಲೇ ಸಂಬಳದ ಕೆಲಸ ಸಿಗುವುದು ಸಣ್ಣ ಮಾತಲ್ಲ. ಆದರೂ ಪೆಟ್ಟಿಗೆಯ ಮೇಲೆ ಅಚ್ಚಾಗುವುದು ಪರರ ಹೆಸರು. ಕೂಲಿ ಮಾಡಿದವನಿಗೆ, ಹೆಸರಿನ ಲಾಭ ಹೆಸರಿನ ಒಡೆಯನಿಗೆ.

ಹೀಗೆ ಒಂದೇ ಜಿಲ್ಲೆಯಲ್ಲಿ ಹೆಸರಿದ್ದೂ ಪೇಟೆಯಿಲ್ಲದ ಕಿನ್ನಾಳವುಂಟು. ಪೇಟೆಯಿದ್ದೂ ಸ್ವಂತ ಹೆಸರಿಲ್ಲದ ಭಾನಾಪುರವುಂಟು. ಪೇಟೆಗೆ ಸರಕನ್ನು ಕಳುಹಿಸುವ ಬಗೆ, ಪೆಟ್ಟಿಗೆ ಕಟ್ಟುವ ಶಿಸ್ತು, ನೂರನೆಯ ಗೊಂಬೆಯೂ ಮೊದಲನೆಯದರಂತೆಯೇ ಇರಬೇಕೆಂಬ ನಿಯಮ, ಇವನ್ನು ಕಿನ್ನಾಳವು ಭಾನಾಪುರದಿಂದ ಕಲಿಯಬಹುದು. ತನ್ನದೆಂದು ಗುರುತಾಗುವ ವಸ್ತುವನ್ನು ಮಾಡುವ ಛಲವನ್ನು ಭಾನಾಪುರವು ಕಿನ್ನಾಳದಿಂದ ಕಲಿಯಬಹುದು. ಅಗ್ಗದ ಬೆಲೆ ಗಿರಾಕಿಯನ್ನು ಒಮ್ಮೆ ಕರೆತರುತ್ತದೆ. ಎರಡನೆಯ ಸಲ ಅವನು ಹೆಸರು ಹಿಡಿದು ಕೇಳಿಕೊಂಡು ಬರಬೇಕಾದರೆ, ಮೊದಲ ಸಲ ಕೊಟ್ಟ ಮಾತು ಉಳಿದಿರಬೇಕು.