ಡೆಂಗಿ ಹೋದರೂ ಸುಸ್ತು ಹೋಗುವುದಿಲ್ಲವೇಕೆ?

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಡೆಂಗಿ ವಾಸಿಯಾಗಿ ಎರಡು ವಾರವಾಯಿತು. ಪ್ಲೇಟ್‌ಲೆಟ್ ಸರಿಯಾಗಿದೆ. ಆದರೂ ಸ್ಕೂಲ್ ಬ್ಯಾಗ್ ಹೊತ್ತು ಎರಡನೇ ಮಹಡಿ ಹತ್ತುವಾಗ ಮೆಟ್ಟಿಲ ಮೇಲೇ ಕೂತುಬಿಡುತ್ತಾಳೆ. ಯಾಕೆ ಹೀಗೆ?
– ತಾಯಿಯೊಬ್ಬರು, ತ್ಯಾಗರಾಜನಗರ

ಉತ್ತರ: ಈ ಆತಂಕ ಬೆಂಗಳೂರಿನ ಅನೇಕ ಮನೆಗಳದ್ದು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತ್ತು.

ಪ್ಲೇಟ್‌ಲೆಟ್ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ, ಶಕ್ತಿಯ ಅಳತೆಯಲ್ಲ. ಅದು ಒಂದೂವರೆ ಲಕ್ಷ ದಾಟಿದ ಮಾತ್ರಕ್ಕೆ ಮೈ ಮೊದಲಿನಂತಾಗದು. ವೈರಸ್ ಜತೆ ಸೆಣಸುವಾಗ ದೇಹ ಬಿಡುಗಡೆ ಮಾಡುವ ಸೈಟೊಕೈನ್‌ಗಳು ಜ್ವರ, ಮೈಕೈ ನೋವು, ಅರುಚಿ ತರುತ್ತವೆ. ಅನೇಕರಲ್ಲಿ ಯಕೃತ್ತಿಗೂ ಪೆಟ್ಟು ಬಿದ್ದಿರುತ್ತದೆ. ವಾರಗಟ್ಟಲೆ ಮಲಗಿದ್ದರಿಂದ, ಸರಿಯಾಗಿ ಉಣ್ಣದ್ದರಿಂದ ಸ್ನಾಯುಗಳೂ ಸೊರಗಿರುತ್ತವೆ. ಹಾಗಾಗಿ ಕೆಲವು ವಾರ ಸುಸ್ತು ಸಹಜ.

ಮೊದಲೇ ರಕ್ತಹೀನತೆ ಇದ್ದರೆ ಚೇತರಿಕೆ ಇನ್ನೂ ನಿಧಾನ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5ರ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಪ್ರತಿ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆಯಿದೆ.

ಮಗುವಿಗೆ ಒಂದೇ ಸಲ ತಟ್ಟೆ ತುಂಬ ಬಡಿಸುವ ಬದಲು ಮೂರು ಗಂಟೆಗೊಮ್ಮೆ ಸ್ವಲ್ಪ ಕೊಡಿ: ಇಡ್ಲಿ, ಬೇಳೆಕಟ್ಟು, ರಾಗಿ ಗಂಜಿ, ಮೊಟ್ಟೆ. ಮೊದಲು ಅರ್ಧ ದಿನದ ಶಾಲೆ ಸಾಕು. ಓಟ, ಈಜು ಆಮೇಲೆ.

ನಾಲ್ಕು ವಾರ ಕಳೆದರೂ ಸುಸ್ತು ಇಳಿಯದಿದ್ದರೆ ಮಕ್ಕಳ ವೈದ್ಯರ ಬಳಿ ಹಿಮೋಗ್ಲೋಬಿನ್, ಯಕೃತ್ತು, ಥೈರಾಯ್ಡ್ ಪರೀಕ್ಷೆಯ ಬಗ್ಗೆ ವಿಚಾರಿಸಿ. ಮತ್ತೆ ಜ್ವರ, ಹಳದಿ ಕಣ್ಣು, ಉಸಿರಾಟದ ತೊಂದರೆ, ರಕ್ತಸ್ರಾವ ಅಥವಾ ವಿಪರೀತ ಮಂಪರು ಕಂಡರೆ ಮಾತ್ರ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.