ನೇಪಾಮ್ ಡೆತ್: ಭೂಗತ ಸಂಗೀತತಂಡವೊಂದರ ಚರಿತ್ರೆ

ಸಂಗೀತತಂಡದ ಚರಿತ್ರೆಯನ್ನು ಅದರ ಸದಸ್ಯರ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಇಂಗ್ಲೆಂಡಿನ 'ನೇಪಾಮ್ ಡೆತ್' ತಂಡದ ವಿಷಯದಲ್ಲಿ ಈ ವಿಧಾನ ಸಾಲದೆಹೋಗುತ್ತದೆ. ಈ ತಂಡದಲ್ಲಿ ವ್ಯಕ್ತಿಗಳು ಬದಲಾಗುತ್ತಲೇ ಹೋದರು; ಉಳಿದುಬಂದದ್ದು ಒಂದು ವಾದನಕ್ರಮ ಮತ್ತು ಅದರ ಹಿಂದಿನ ಪ್ರತಿಭಟನೆಯ ನಿಲುವು.

1981ರಲ್ಲಿ ಬರ್ಮಿಂಗ್‌ಹ್ಯಾಮ್ ಸಮೀಪದ ಮೆರಿಡನ್ ಎಂಬ ಹಳ್ಳಿಯಲ್ಲಿ ನಿಕ್ ಬುಲೆನ್ ಮತ್ತು ಮೈಲ್ಸ್ ರ್‍ಯಾಟ್ಲೆಜ್ ಎಂಬ ಇಬ್ಬರು ಹದಿಹರೆಯದ ಹುಡುಗರು ಈ ತಂಡವನ್ನು ಕಟ್ಟಿದರು. ವಿಯೆಟ್ನಾಂ ಯುದ್ಧದಲ್ಲಿ ಕುಖ್ಯಾತವಾದ ದಹನಾಸ್ತ್ರದ ಹೆಸರನ್ನು ಇಟ್ಟುಕೊಂಡದ್ದರಲ್ಲಿಯೇ ಅವರ ಯುದ್ಧವಿರೋಧ ವ್ಯಕ್ತವಾಗಿದೆ. ಅಧಿಕಾರವನ್ನು ನಿರಾಕರಿಸಿ, ಧ್ವನಿಮುದ್ರಣವನ್ನೂ ಪ್ರಸಾರವನ್ನೂ ತಾವೇ ನಿರ್ವಹಿಸುತ್ತಿದ್ದ 'ಕ್ರಾಸ್' ಮುಂತಾದ ಪಂಕ್ ತಂಡಗಳು ಅವರಿಗೆ ಮಾದರಿಯಾಗಿದ್ದವು. 'ಭೂಗತ' ಎಂಬ ವಿಶೇಷಣವನ್ನು ಇಲ್ಲಿ ಈ ಅರ್ಥದಲ್ಲಿಯೇ ಗ್ರಹಿಸಬೇಕು: ದೊಡ್ಡ ಕಂಪನಿಗಳ ಹಂಗಿಲ್ಲದೆ, ಅಂಚೆಯ ಮೂಲಕ ಕೈಯಿಂದ ಕೈಗೆ ದಾಟುತ್ತಿದ್ದ ಕ್ಯಾಸೆಟ್ಟುಗಳನ್ನು ನೆಚ್ಚಿದ ಸಂಗೀತ. ಬರ್ಮಿಂಗ್‌ಹ್ಯಾಮಿನ ಸ್ಪಾರ್ಕ್‌ಹಿಲ್ ಬಡಾವಣೆಯಲ್ಲಿದ್ದ 'ಮರ್ಮೇಡ್' ಎಂಬ ಪಾನಗೃಹ ಇದರ ಮುಖ್ಯ ನೆಲೆಯಾಗಿತ್ತು.

1985ರ ಸುಮಾರಿಗೆ ಗಿಟಾರ್ ವಾದಕ ಜಸ್ಟಿನ್ ಬ್ರಾಡ್ರಿಕ್, ಬಳಿಕ ಡ್ರಮ್ ವಾದಕ ಮಿಕ್ ಹ್ಯಾರಿಸ್ ಸೇರಿದ ಮೇಲೆ ತಂಡದ ಸ್ವರೂಪವೇ ಮಾರ್ಪಟ್ಟಿತು. ಪಂಕ್‌ನ ವೇಗಕ್ಕೆ ಮೆಟಲ್ ಸಂಗೀತದ ಭಾರವಾದ ಗಿಟಾರ್ ನಾದ ಬೆಸೆಯಿತು. ಹ್ಯಾರಿಸ್ ರೂಢಿಗೆ ತಂದ 'ಬ್ಲಾಸ್ಟ್ ಬೀಟ್' ಕ್ರಮದಲ್ಲಿ ಕಾಲಿನಿಂದ ನುಡಿಸುವ ದೊಡ್ಡ ಡ್ರಮ್ಮಿಗೂ ಕೈಯಿಂದ ನುಡಿಸುವ ಸ್ನೇರ್ ಡ್ರಮ್ಮಿಗೂ ಪೆಟ್ಟುಗಳು ಅತಿವೇಗದಲ್ಲಿ ಒಂದರ ಬೆನ್ನಿಗೊಂದು ಬೀಳುತ್ತವೆ. ನಮ್ಮ ದುರಿತ ಕಾಲದಲ್ಲಿ ವೇಗ ಎಷ್ಟೇ ಹೆಚ್ಚಿದರೂ ತಾಳದ ಎಣಿಕೆ ಕೇಳುಗನ ಕೈಗೆ ಸಿಗುತ್ತದೆ. ಇಲ್ಲಿ ಲಯವೇ ಕರಗಿ ಒಂದು ಮೊರೆತವಾಗುತ್ತದೆ. ಈ ಬಗೆಗೆ 'ಗ್ರೈಂಡ್‌ಕೋರ್' ಎಂಬ ಹೆಸರನ್ನು ಕೊಟ್ಟವನೂ ಹ್ಯಾರಿಸನೇ ಎಂಬುದು ಸಾಮಾನ್ಯವಾದ ನಂಬಿಕೆ.

1987ರಲ್ಲಿ ನಾಟಿಂಗ್‌ಹ್ಯಾಮಿನ 'ಇಯರೇಕ್' ಸಂಸ್ಥೆ ಪ್ರಕಟಿಸಿದ 'ಸ್ಕಮ್' ಧ್ವನಿಮುದ್ರಿಕೆ ಇಡೀ ಚರಿತ್ರೆಯ ಕೀಲಿಕೈ. ಅದರ ಮೊದಲ ಬದಿಯ 12 ಹಾಡುಗಳು 1986ರಲ್ಲಿ ಬುಲೆನ್, ಬ್ರಾಡ್ರಿಕ್ ಮತ್ತು ಹ್ಯಾರಿಸ್ ಸೇರಿ ಮುದ್ರಿಸಿದವು. ಎರಡನೆಯ ಬದಿಯ 16 ಹಾಡುಗಳ ವೇಳೆಗೆ ಮೊದಲಿನ ಇಬ್ಬರೂ ತಂಡ ಬಿಟ್ಟಿದ್ದರು. ಲೀ ಡೋರಿಯನ್, ಬಿಲ್ ಸ್ಟಿಯರ್ ಮತ್ತು ಜಿಮ್ ವೈಟ್ಲಿ ಬಂದಿದ್ದರು. ಎರಡೂ ಬದಿಗಳಲ್ಲಿ ಇರುವವನು ಹ್ಯಾರಿಸ್ ಒಬ್ಬನೇ. ಹಾಗಿದ್ದೂ ಕೃತಿ ಒಂದೇ ಎನಿಸುವುದು ಆಕಸ್ಮಿಕವಲ್ಲ. ಮೊದಲ ಬದಿಯ ಕೊನೆಯ ಹಾಡು 'ಯೂ ಸಫರ್' ಕೇವಲ 1.3 ಸೆಕೆಂಡಿನದು, ಅತಿ ಕಿರಿದಾದ ಧ್ವನಿಮುದ್ರಿತ ಗೀತೆಯೆಂದು ಗಿನ್ನೆಸ್ ದಾಖಲೆಗೆ ಸೇರಿತು. ಅದನ್ನು ಬರಿಯ ಚೇಷ್ಟೆ ಎಂದು ತಳ್ಳಿಹಾಕಿದವರಿದ್ದಾರೆ. ಚೇಷ್ಟೆಯ ಅಂಶ ಇಲ್ಲವೆನ್ನಲಾಗದು. ಆದರೆ ಅದರ ನಾಲ್ಕು ಪದಗಳು ದುಃಖದ ಕಾರಣವನ್ನು ಕುರಿತ ಪ್ರಶ್ನೆಯೊಂದನ್ನು ಕೇಳಿ ನಿಂತುಬಿಡುತ್ತವೆ, ಉತ್ತರಕ್ಕೆ ಎಡೆಗೊಡುವುದಿಲ್ಲ.

ಬಿಬಿಸಿ ರೇಡಿಯೋದ ಜಾನ್ ಪೀಲ್ ಅದೇ ವರ್ಷ ಈ ತಂಡದ ಹಾಡುಗಳನ್ನು ಪ್ರಸಾರ ಮಾಡಿದ್ದರಿಂದ ಮರ್ಮೇಡಿನ ಸದ್ದು ದೇಶಕ್ಕೆಲ್ಲ ಕೇಳಿಸಿತು. 1989ರಲ್ಲಿ ಡೋರಿಯನ್ 'ಕೆಥೀಡ್ರಲ್' ತಂಡವನ್ನು ಕಟ್ಟಲು, ಸ್ಟಿಯರ್ ತನ್ನ 'ಕಾರ್ಕಸ್' ತಂಡಕ್ಕೆ ಪೂರ್ಣಾವಧಿ ಕೊಡಲು ಹೊರನಡೆದರು. ಬ್ರಾಡ್ರಿಕ್ ಅಷ್ಟರಲ್ಲಿ 'ಗಾಡ್‌ಫ್ಲೆಶ್' ಆರಂಭಿಸಿದ್ದ. ಒಂದೇ ಧ್ವನಿಮುದ್ರಿಕೆಯಿಂದ ಇಷ್ಟು ಕವಲುಗಳು ಒಡೆದ ನಿದರ್ಶನ ವಿರಳ. 1991ರಲ್ಲಿ ಹ್ಯಾರಿಸನೂ ಹೊರಟಾಗ 'ಸ್ಕಮ್' ನುಡಿಸಿದ ಒಬ್ಬನೂ ತಂಡದಲ್ಲಿ ಉಳಿಯಲಿಲ್ಲ. 1987ರಲ್ಲಿ ಬಂದಿದ್ದ ಶೇನ್ ಎಂಬುರಿ ಮತ್ತು 1989ರಲ್ಲಿ ಬಂದ ಗಾಯಕ ಬಾರ್ನಿ ಗ್ರೀನ್‌ವೇ ಅದನ್ನು ಮುಂದುವರಿಸಿದರು.

2013ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಈ ತಂಡದ ಕಾರ್ಯಕ್ರಮವೊಂದನ್ನು ಏರ್ಪಡಿಸಿತ್ತು. ಕಲಾವಿದ ಕೀತ್ ಹ್ಯಾರಿಸನ್ ರಚಿಸಿದ, ಪಿಂಗಾಣಿ ಬಿಲ್ಲೆ ಹೊದಿಸಿದ ಧ್ವನಿವರ್ಧಕಗಳ ಮೂಲಕ ಸಂಗೀತ ಹೊಮ್ಮಬೇಕಾಗಿತ್ತು. ನಾದದ ಕಂಪನದಿಂದ ಚಾರಿತ್ರಿಕ ಕಟ್ಟಡಕ್ಕೆ ಹಾನಿಯಾದೀತೆಂಬ ಭಯದಿಂದ ಸಂಗ್ರಹಾಲಯ ಅದನ್ನು ರದ್ದುಪಡಿಸಿತು. ಅದೇ ವರ್ಷದ ನವೆಂಬರಿನಲ್ಲಿ ಬೆಕ್ಸ್‌ಹಿಲ್ ಎಂಬ ಕಡಲತೀರದ ಊರಿನ ಸಭಾಂಗಣದಲ್ಲಿ ಆ ಕಾರ್ಯಕ್ರಮ ನಡೆಯಿತು.