ಅನಿಮೆಯಿಂದ ಜಪಾನೀ ಕಲಿಯಬಹುದೆ?

ಜಪಾನಿನವರು ತಮ್ಮ ಕಾರ್ಟೂನ್ ಚಿತ್ರಗಳನ್ನು 'ಅನಿಮೆ' ಎಂದು ಕರೆಯುತ್ತಾರೆ. 'ಆನಿಮೇಷನ್' ಎಂಬ ಇಂಗ್ಲಿಷ್ ಶಬ್ದವನ್ನೇ ತುಂಡರಿಸಿ ಮಾಡಿಕೊಂಡ ಹೆಸರು ಇದು. ಟೆಜುಕಾ ಒಸಾಮು ಅವರ 'ಟೆಟ್ಸುವಾನ್ ಆಟಮು' 1963ರ ಜನವರಿ 1ರಂದು ಟೆಲಿವಿಷನ್ನಿನಲ್ಲಿ ಆರಂಭವಾಯಿತು. ವಾರಕ್ಕೊಂದು ಅರ್ಧ ಗಂಟೆಯ ಕಂತು ಎಂಬ ರೂಢಿ ಅಲ್ಲಿಂದ ಬೇರೂರಿತು. ಈಗ ನಮ್ಮ ಮನೆಗಳಲ್ಲಿಯೂ ಮಕ್ಕಳು ಇವನ್ನು ನೋಡುತ್ತಾರೆ, ಕೆಲವರು 'ಇದನ್ನು ನೋಡಿಯೇ ಜಪಾನೀ ಕಲಿಯುತ್ತೇನೆ' ಎಂದೂ ಹೇಳುತ್ತಾರೆ. ತಂದೆತಾಯಿಗಳು ಇದನ್ನು ಹುಡುಗಾಟಿಕೆಯೆಂದು ತಳ್ಳಿಹಾಕಬೇಕಾಗಿಲ್ಲ. ಪೂರ್ತಿ ಒಪ್ಪಿಬಿಡುವಂತೆಯೂ ಇಲ್ಲ.

ಮೊದಲು ಅನುಕೂಲವನ್ನು ನೋಡೋಣ. ಈ ಭಾಷೆಯ ವಾಕ್ಯದ ಅಚ್ಚು ಕನ್ನಡಿಗರಿಗೆ ಅಪರಿಚಿತವಲ್ಲ. 'ತರೋ ವ ಕಿನೋ ಹೊನ್ ಒ ಯೊಂದ' ಎಂದರೆ 'ತರೋ ನಿನ್ನೆ ಪುಸ್ತಕವನ್ನು ಓದಿದ'. ಪದಗಳು ಇದ್ದಲ್ಲಿಯೇ ಇವೆ, 'ಹೊನ್' ಎಂಬುದರ ಹಿಂದೆ ಬರುವ 'ಒ' ನಮ್ಮ ದ್ವಿತೀಯಾ ವಿಭಕ್ತಿಯ ಕೆಲಸ ಮಾಡುತ್ತಿದೆ. ನಾವು 'ತಿಂದು ನೋಡು' ಎನ್ನುತ್ತೇವಷ್ಟೆ? ಕಣ್ಣಿನಿಂದ ನೋಡುವುದಕ್ಕೂ ಆ ಮಾತಿಗೂ ಸಂಬಂಧವಿಲ್ಲ. ಜಪಾನೀಯರೂ 'ತಬೆತೆ ಮಿರು' ಎಂದು, ಅಂದರೆ 'ತಿಂದು ನೋಡುವುದು' ಎಂದೇ ಹೇಳುತ್ತಾರೆ! ಇಂಗ್ಲಿಷಿನವನಿಗೆ ಇದನ್ನು ಬಿಡಿಸಿ ಹೇಳಬೇಕು, ನಮಗೆ ಬೇಕಿಲ್ಲ. ಹ್ರಸ್ವ ದೀರ್ಘಗಳ ಸಂಗತಿಯೂ ಹೀಗೆಯೇ. 'ಒಬಸನ್' ಎಂದರೆ ಅತ್ತೆಯೋ ಚಿಕ್ಕಮ್ಮನೋ ಆದವಳು, 'ಒಬಾಸನ್' ಎಂದರೆ ಅಜ್ಜಿ. 'ಕಿತೆ' ಎಂದರೆ 'ಬಂದು', 'ಕಿತ್ತೆ' ಎಂದರೆ ಅಂಚೆಚೀಟಿ. ಒತ್ತಕ್ಷರ ಬಲ್ಲ ಕಿವಿಗೆ ಇವು ಬೇರೆಯಾಗಿಯೇ ಕೇಳಿಸುತ್ತವೆ.

ತೊಡಕು ಇರುವುದು ವ್ಯಾಕರಣದಲ್ಲಲ್ಲ, ಮರ್ಯಾದೆಯಲ್ಲಿ. ಅನಿಮೆಯ ವೀರನು ತನ್ನನ್ನು 'ಒರೆ' ಎಂದುಕೊಳ್ಳುತ್ತಾನೆ, ಎದುರಾಳಿಯನ್ನು 'ಒಮಯೆ', 'ತೆಮೇ', 'ಕಿಸಮ' ಎನ್ನುತ್ತಾನೆ. ಕೊನೆಯ ಎರಡು ಬೈಗುಳಕ್ಕೆ ಸಮ. ಸಭ್ಯವೆಂದು ಪಾಠಪುಸ್ತಕ ಹೇಳುವ 'ಅನತ' ಎಂಬುದನ್ನೂ ಮೇಲಧಿಕಾರಿಯ ಮುಂದೆ ಬಳಸುವುದಿಲ್ಲ. 'ತನಕ ಸನ್' ಎಂಬಂತೆ ಮನೆತನದ ಹೆಸರಿಗೆ 'ಸನ್' ಸೇರಿಸಿಯೋ, ಹುದ್ದೆಯ ಹೆಸರು ಹಿಡಿದೋ ಕರೆಯುತ್ತಾರೆ. ನಮ್ಮ ನೀನು, ನೀವುಗಳ ಲೆಕ್ಕದಿಂದಲೂ ಇಲ್ಲಿ ಪಾರಾಗಲಾಗದು. ನಾವು ಯಾರ ಎದುರಿಗಾದರೂ 'ನಮ್ಮ ತಂದೆಯವರು ಬಂದರು' ಎಂದೇ ಹೇಳುತ್ತೇವೆ. ಜಪಾನೀಯನು ಹೊರಗಿನವರೊಡನೆ ತನ್ನ ತಂದೆಯ ಮಾತೆತ್ತಿದಾಗ ಗೌರವದ ಮಾತನ್ನು ಬಿಟ್ಟು ಬರಿದೆ 'ಚಿಚಿ' ಎನ್ನುತ್ತಾನೆ. ಗೌರವವೆಲ್ಲ ಎದುರಿಗಿರುವವರ ಕಡೆಯವರಿಗೆ.

ಇನ್ನೊಂದು ಸ್ವಾರಸ್ಯವುಂಟು. ಅನಿಮೆಯ ಮುದಿ ಪಂಡಿತ ತನ್ನನ್ನು 'ವಶಿ' ಎಂದುಕೊಂಡು ವಾಕ್ಯವನ್ನು 'ಜ' ಎಂದು ಮುಗಿಸುತ್ತಾನೆ. ಟೋಕಿಯೋ ನಗರದ ನಿಜವಾದ ಮುದುಕರು ಹಾಗೆ ಮಾತನಾಡುವುದಿಲ್ಲ. ಭಾಷಾಶಾಸ್ತ್ರಜ್ಞ ಕಿನ್‌ಸುಯಿ ಸತೋಶಿ ಅವರು ಇಂಥ ಮಾತಿಗೆ 'ಯಕುವರಿಗೊ', ಅಂದರೆ ಪಾತ್ರದ ನುಡಿ, ಎಂದು ಹೆಸರಿಟ್ಟು 2003ರಲ್ಲಿ ಪುಸ್ತಕವನ್ನೇ ಬರೆದರು. ಹಿಂದೆ ಎದೊ ಪಟ್ಟಣದಲ್ಲಿ ವೃದ್ಧ ವೈದ್ಯರೂ ವಿದ್ವಾಂಸರೂ ಪಶ್ಚಿಮ ಸೀಮೆಯ ಹಳೆಯ ಮಾತನ್ನೇ ಹಿಡಿದಿದ್ದರು. ತರುಣರು ಪೂರ್ವದ ಮಾತಿಗೆ ಹೊರಳಿದರು. ರಂಗಭೂಮಿ ಆ ವ್ಯತ್ಯಾಸವನ್ನು ಎತ್ತಿಕೊಂಡಿತು, ಅದೇ ಇಂದಿನ ಚಿತ್ರದವರೆಗೆ ಬಂದಿದೆ. ನಮ್ಮ ನಾಟಕದ ರಾಜನ ಮಾತನ್ನು ಕಲಿತು ಸಂತೆಗೆ ಹೋದವನ ಪಾಡನ್ನು ಊಹಿಸಿಕೊಳ್ಳಿ! 2010ರಲ್ಲಿ ಜಪಾನ್ ಫೌಂಡೇಶನ್ ಸಂಸ್ಥೆಯು ಅನಿಮೆಯ ಭಾಷೆಗೆಂದೇ ಅಂತರ್ಜಾಲದಲ್ಲಿ ಪಾಠ ತೆರೆದಾಗ ಸಮುರಾಯಿ, ಮುದುಕ, ಒರಟು ಹುಡುಗ ಎಂದು ಪಾತ್ರವಾರು ವಿಂಗಡಿಸಿದ್ದು ಇದೇ ಕಾರಣಕ್ಕೆ.

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಂಥ ಕಡೆ ಕೆಲಸ ಬಯಸುವ ತರುಣರಿಗೆ ಇದು ಸಣ್ಣ ವಿಷಯವಲ್ಲ. ಐದು ಮಟ್ಟಗಳ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆ ಬೆಂಗಳೂರಿನಲ್ಲಿಯೂ ನಡೆಯುತ್ತದೆ. ಆದರೆ ಅದರಲ್ಲಿ ಓದುವುದು, ಕೇಳುವುದು ಇದೆಯೇ ಹೊರತು ಮಾತನಾಡಿಸುವ ಭಾಗವಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದವನೂ ಸಂದರ್ಶನದಲ್ಲಿ ಬಾಯಿ ತೆರೆದೊಡನೆ ಪುಂಡನಂತೆ ಕೇಳಿಸಬಹುದು.

ಆದ್ದರಿಂದ ಕತ್ತಿವರಸೆಯ ಕಥೆಗಳಿಗಿಂತ ಸಂಸಾರದ ಕಥೆಗಳು ಮೇಲು. ಹಸೆಗವಾ ಮಚಿಕೊ ಅವರ ಚಿತ್ರಕಥೆಯನ್ನು ಆಧರಿಸಿ 1969ರಿಂದ ಬರುತ್ತಿರುವ 'ಸಜಯೆ ಸನ್' ಮಾಲಿಕೆಯಲ್ಲಿ ಮೂರು ತಲೆಮಾರು ಒಂದೇ ಸೂರಿನಡಿ ಇವೆ. ಅಳಿಯ ಮಾವನೊಡನೆ ಹೇಗೆ ಮಾತನಾಡುತ್ತಾನೆ, ತುಂಟ ಭಾವಮೈದುನನೊಡನೆ ಹೇಗೆ ಎಂಬುದು ಒಂದೇ ಊಟದ ಮೇಜಿನಲ್ಲಿ ಕೇಳಸಿಗುತ್ತದೆ. ಮೊದಲ ಸಲ ಇಂಗ್ಲಿಷ್ ಅಡಿಬರಹದೊಡನೆ ನೋಡಿ ಕಥೆ ತಿಳಿದುಕೊಳ್ಳಲಿ. ಅಡಿಬರಹ ಇರುವಷ್ಟು ಹೊತ್ತು ಕಣ್ಣು ಓದುತ್ತದೆ, ಕಿವಿ ಮಲಗಿರುತ್ತದೆ. ಎರಡನೆಯ ಸಲ ಅದನ್ನು ಮುಚ್ಚಿ, ಎರಡು ಮೂರು ನಿಮಿಷದ ತುಣುಕನ್ನಷ್ಟೇ ತಿರುತಿರುಗಿ ಕೇಳಿ, ಪಾತ್ರದ ಬೆನ್ನಿಗೇ ತಾನೂ ಗಟ್ಟಿಯಾಗಿ ಹೇಳಲಿ. ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಎದುರಿಗೆ ಯಾರು ಯಾರಿಗೆ ಹೇಳಿದ್ದೆಂದು ಗುರುತು ಹಾಕಲಿ: ಅಣ್ಣ ತಂಗಿಗೆ, ಅಂಗಡಿಯವ ಗಿರಾಕಿಗೆ, ಶಿಷ್ಯ ಗುರುವಿಗೆ.